ಒಳಗಿರುವವರು

ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಅವನಿಗೆ ಬರುವ ಮೊದಲ ಯೋಚನೆ, ಈಗ ಒಳಗೆ ಎಷ್ಟು ಜನ ಇದ್ದಾರೆ ಎಂಬುದು. ಮನೆಯ ಒಳಗಲ್ಲ. ಮನೆಯಲ್ಲಿ ಇರುವುದು ಮೂರೇ ಜನ: ಅವನು, ಹೆಂಡತಿ, ಕಾಲೇಜಿಗೆ ಹೋಗುವ ಮಗಳು. ಅವನ ತಲೆಯಲ್ಲಿರುವುದು ನೀರು ಸರಬರಾಜು ಕಚೇರಿಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಗುಂಯ್‌ಗುಡುತ್ತಿರುವ ಯುನಿಕ್ಸ್ ಕಂಪ್ಯೂಟರ್ ಯಂತ್ರ. ಆರು ಪಂಪುಮನೆಗಳಿಂದ ಜನ ಅದರೊಳಕ್ಕೆ ಬರುತ್ತಾರೆ, ಅಂಕಿ ಬರೆಯುತ್ತಾರೆ, ಹೋಗುತ್ತಾರೆ. ಬರುವ ಬಾಗಿಲಿನ ಹೆಸರು ಟೆಲ್ನೆಟ್. ದೂರದಲ್ಲಿ ಕುಳಿತವನ ಬೆರಳನ್ನು ಇಲ್ಲಿಯ ಯಂತ್ರಕ್ಕೆ ತಂದು ಮುಟ್ಟಿಸುವುದಷ್ಟೇ ಅದರ ಕೆಲಸ. ಹೆಸರು ಕೇಳುತ್ತದೆ, ಗುಟ್ಟಿನ ಪದ ಕೇಳುತ್ತದೆ, ಎರಡೂ ಸರಿಯಿದ್ದರೆ ಒಳಗೆ ಬಿಡುತ್ತದೆ. ಬಿಟ್ಟ ಮೇಲೆ ಕೂತವರ ಮುಖ ನೋಡುವ ಪದ್ಧತಿ ಅದಕ್ಕಿಲ್ಲ. ಆ ಬಾಗಿಲನ್ನು ಇಟ್ಟವನು ಅವನೇ, ಕಾಯುವವನೂ ಅವನೇ. ಇಷ್ಟು ವರ್ಷ ಕಾದು ಬಂದ ಫಲ ಇದು: ಹಾಸಿಗೆಯಲ್ಲಿ ಮಗ್ಗಲು ಬದಲಿಸುವಾಗಲೂ ಒಳಗೆ ಎಷ್ಟು ಜನ ಎಂದು ಎಣಿಸುವುದು. ಈ ಒಂಬತ್ತು ದಿನದಿಂದ ಆ ಎಣಿಕೆಯಲ್ಲಿ ಒಬ್ಬಳು ಹೆಚ್ಚಾಗಿ ಬರುತ್ತಿದ್ದಾಳೆ. ಅವಳು ಒಳಗೆ ಇಲ್ಲ ಎಂದು ಗೊತ್ತಿದ್ದರೂ ಬರುತ್ತಿದ್ದಾಳೆ.

"ರೀ, ಕನ್ನಡಿ ಎದುರು ಎಷ್ಟೊತ್ತು ನಿಲ್ತೀರಿ? ಅದೇನಾದ್ರೂ ಉತ್ತರ ಕೊಡುತ್ತಾ?" ಎಂದಳು ಹೆಂಡತಿ. ಕೆನ್ನೆಯ ಮೇಲೆ ಸೋಪಿನ ನೊರೆ ಒಣಗಿ ಚುರುಗುಟ್ಟುತ್ತಿತ್ತು. ಅವನು ಕತ್ತಿ ಎತ್ತಿಕೊಂಡ.

"ಮೂರು ಗಂಟೆಗಲ್ವಾ ಆ ವಿಚಾರಣೆ?"

"ಹೂಂ."

"ನೀವು ಕಾಗದ ಕೊಟ್ಟು ಬರೋದಷ್ಟೇ ತಾನೆ?"

"ಅಷ್ಟೇ."

"ಮತ್ತೆ ಮುಖ ಯಾಕೆ ಹಾಗಿದೆ?"

"ಮುಖ ಇರೋದೇ ಹೀಗೆ ಕಣೆ. ಇಪ್ಪತ್ತೆರಡು ವರ್ಷ ಆಯ್ತು, ಈಗ ನೋಡಿದ ಹಾಗೆ ಆಡ್ತೀಯ."

ಮಗಳು ಪುಸ್ತಕದಿಂದ ತಲೆ ಎತ್ತದೆ, "ಅಮ್ಮ, ಅಪ್ಪ ಹ್ಯಾಂಗ್ ಆಗಿದಾರೆ. ಒಂದ್ಸಲ ಆಫ್ ಮಾಡಿ ಆನ್ ಮಾಡ್ಬೇಕು" ಎಂದಳು. ಹೆಂಡತಿ ನಕ್ಕಳು. ಅವನೂ ನಗಬೇಕಿತ್ತು, ಬೇರೆ ದಿನ ನಗುತ್ತಿದ್ದ. ಬದಲಿಗೆ ಗಂಟಲಿನ ಬಳಿ ಸಣ್ಣಗೆ ಕೊಯ್ದುಕೊಂಡ. ಕಾಗದದ ಚೂರು ಅಂಟಿಸಿಕೊಂಡು ಬಸ್ಸು ಹತ್ತಿದವನಿಗೆ ಎದುರು ಕೂತ ಮುದುಕ ತನ್ನ ಕತ್ತನ್ನೇ ನೋಡುತ್ತಿರುವಂತೆ ಅನ್ನಿಸಿತು. ಏನು ನೋಡ್ತೀಯಯ್ಯ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಕಿಟಕಿಯ ಕಡೆ ತಿರುಗಿದ.

ಎಣಿಕೆಯಲ್ಲಿ ಹೆಚ್ಚಾಗಿ ಬರುವ ಆ ಒಬ್ಬಳನ್ನು ಕಚೇರಿಯಲ್ಲೆಲ್ಲ ಶೀಶೆಯಕ್ಕ ಎನ್ನುತ್ತಾರೆ. ನಾಲ್ಕನೇ ಪಂಪುಮನೆಯ ನೀರು ಪರೀಕ್ಷಿಸುವವಳು. ಹೆಗಲಿಗೆ ಹಾಕಿದ ಚೀಲದಲ್ಲಿ ಸದಾ ಎಂಟು ಗಾಜಿನ ಶೀಶೆಗಳು, ಅವು ಒಂದಕ್ಕೊಂದು ತಾಗದ ಹಾಗೆ ನಡುವೆ ಹಳೆಯ ಸೀರೆಯ ತುಂಡು. ಅವನಿಗಿಂತ ಐದಾರು ವರ್ಷ ಚಿಕ್ಕವಳು, ಆದರೂ ಎಲ್ಲರ ಜೊತೆ ಸೇರಿ ಅವನೂ ಅಕ್ಕ ಎನ್ನುತ್ತಾನೆ, ಅವಳು ಅವನನ್ನು ಅಣ್ಣ ಎನ್ನುತ್ತಾಳೆ. ಹನ್ನೆರಡು ವರ್ಷದ ಹಿಂದೆ ಅವಳು ಸೇರಿದ ವಾರವೇ ಅವನು ಹೊಸಬರನ್ನೆಲ್ಲ ಕೂರಿಸಿಕೊಂಡು ಪಾಠ ಹೇಳಿದ್ದ. ಆಗ ಅವನ ಕೂದಲು ಕಪ್ಪಗಿತ್ತು, ಹೇಳುವ ಹುಮ್ಮಸ್ಸಿತ್ತು. ಅವಳು ಕೈ ಎತ್ತಿ ಕೇಳಿದ್ದಳು: "ಅಣ್ಣ, ಕೆಲಸ ಮುಗಿದ ಮೇಲೆ ಹೊರಗೆ ಬರೋದು ಹೇಗೆ?" ಅವನು ಹೇಳಿದ್ದ: "ಪರದೆ ಆರಿಸಿ ಹೋಗ್ತಾ ಇರಿ. ಹತ್ತು ನಿಮಿಷ ಯಾರೂ ಏನೂ ಒತ್ತದೆ ಇದ್ರೆ ಯಂತ್ರವೇ ನಿಮ್ಮನ್ನ ಹೊರಗೆ ಹಾಕುತ್ತೆ. ಅದು ನನ್ನ ಜವಾಬ್ದಾರಿ." ಅವಳು ಅದನ್ನು ಸಣ್ಣ ಪುಸ್ತಕದಲ್ಲಿ ಬರೆದುಕೊಂಡಿದ್ದಳು. ಜವಾಬ್ದಾರಿ ಎಂಬ ಮಾತನ್ನೂ ಬರೆದುಕೊಂಡಿದ್ದಳೋ ಏನೋ. ಹನ್ನೆರಡು ವರ್ಷ ಆಕೆ ಹಾಗೇ ಮಾಡಿದಳು. ಸಂಜೆ ಪರದೆ ಆರಿಸುವುದು, ಚೀಲ ಹೆಗಲಿಗೇರಿಸುವುದು, ಹೋಗುವುದು. ಹನ್ನೆರಡು ವರ್ಷದಲ್ಲಿ ಹನ್ನೊಂದೂವರೆ ವರ್ಷ ಅವನು ಹೇಳಿದ ಮಾತು ನಿಜವಾಗಿತ್ತು.

ಮೆಟ್ಟಿಲ ಕೆಳಗಿನ ಕೋಣೆಗೆ ಕಿಟಕಿಯಿಲ್ಲ. ಮೇಲೆ ಯಾರಾದರೂ ಹತ್ತಿದರೆ ಇಳಿದರೆ ತಲೆಯ ಮೇಲೆಯೇ ಧಡಧಡ ಸದ್ದು. ಅವನು ಚಪ್ಪಲಿ ಬಿಟ್ಟು, ಊಟದ ಡಬ್ಬಿಯನ್ನು ಯಂತ್ರದ ಬಿಸಿಗಾಳಿ ಬರುವ ಕಡೆ ಇಟ್ಟು, ಒಳಗೆ ಯಾರಿದ್ದಾರೆ ಎಂದು ಕೇಳುವ ಆಜ್ಞೆ ಒತ್ತಿದ. ಹದಿನಾಲ್ಕು ಸಾಲು ಬಂದವು. ಅದರಲ್ಲಿ ಐದು ನಿನ್ನೆಯವು, ಎರಡು ಮೊನ್ನೆಯವು. ಮನೆಗೆ ಹೋಗಿ ಉಂಡು ಮಲಗಿ ಎದ್ದವರು ಇನ್ನೂ ಒಳಗೇ ಇದ್ದರು. ಅವರಿಗೆ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತು. ಏಳು ತಿಂಗಳಿನಿಂದ ಯಂತ್ರ ಯಾರನ್ನೂ ಹೊರಗೆ ಹಾಕುತ್ತಿಲ್ಲ.

ಏಳು ತಿಂಗಳ ಹಿಂದೆ ಒಂದು ಮಧ್ಯಾಹ್ನ. ಬೆಳಗಿನಿಂದ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ನಾಲ್ಕನೇ ಪಂಪುಮನೆಯ ಮೋಟಾರಿನವನು, "ಸಾರ್, ನಾನು ಹೋಗಿ ಮೋಟಾರು ಎಬ್ಬಿಸಿ ಬರೋ ಹೊತ್ತಿಗೆ ನಿಮ್ಮ ಯಂತ್ರ ನನ್ನ ಹೊರಗೆ ದಬ್ಬಿರುತ್ತೆ. ಮತ್ತೆ ಹೆಸರು ಹಾಕು, ಪಾಸ್‌ವರ್ಡ್ ಹಾಕು. ಕೈಯೆಲ್ಲ ಗ್ರೀಸು ಸಾರ್" ಎಂದ. ಎರಡನೇ ಪಂಪುಮನೆಯವನೂ ಅದೇ ಹೇಳಿದ. ಅಷ್ಟರಲ್ಲಿ ಎಂಜಿನಿಯರ್ ಸಾಹೇಬರು ನಾಲ್ಕು ಜನರ ಎದುರು ನಿಂತು, "ಏನ್ರೀ ಇದು, ಯಂತ್ರವೂ ನಿಮ್ಮ ಹಾಗೇ ಸಿಡುಕು. ಯಾರ ಜೊತೆಗೂ ಹತ್ತು ನಿಮಿಷ ಸುಮ್ಮನೆ ಕೂರಲ್ಲ" ಎಂದರು. ನಾಲ್ಕು ಜನವೂ ನಕ್ಕರು. ಅವನ ಕಿವಿ ಬಿಸಿಯಾಯಿತು. ಕೋಣೆಗೆ ಬಂದವನೇ ಯಂತ್ರದ ನಿಯಮಗಳನ್ನು ಬರೆದಿಟ್ಟ ಕಡತ ತೆರೆದು, ಹತ್ತು ನಿಮಿಷ ಎಂದು ಬರೆದಿದ್ದ ಸಾಲಿನ ಮುಂದೆ ಒಂದು ಹ್ಯಾಶ್ ಗುರುತು ಹಾಕಿದ. ಅಡ್ಡ ಎರಡು ಗೆರೆ, ಉದ್ದ ಎರಡು ಗೆರೆ, ಅಷ್ಟೇ. ಅದು ಮುಂದೆ ಇದ್ದರೆ ಯಂತ್ರ ಆ ಸಾಲನ್ನು ಓದದೆ ದಾಟುತ್ತದೆ. ಕೂತ್ಕೊಳ್ಳಿ ಹಾಗಾದ್ರೆ, ಎಲ್ಲರೂ ಒಳಗೇ ಕೂತ್ಕೊಳ್ಳಿ, ಸಾಯೋ ತನಕ ಕೂತ್ಕೊಳ್ಳಿ ಎಂದು ಗೊಣಗಿಕೊಂಡು ಉಳಿಸಿ ಎದ್ದ. ಫೋನು ನಿಂತಿತು. ಯಾರಿಗೂ ಹೇಳಲಿಲ್ಲ. ಹೇಳಬೇಕು ಎಂದು ಅವನಿಗೆ ಹೊಳೆಯಲಿಲ್ಲ ಎಂದಲ್ಲ. ಹೇಳಿದ್ದರೆ ಸಾಹೇಬರ ಮಾತಿಗೆ ಬಗ್ಗಿದೆ ಎಂದಾಗುತ್ತಿತ್ತು.

ಹನ್ನೊಂದು ದಿನದ ಹಿಂದೆ ಬೆಳಿಗ್ಗೆ ಆರಕ್ಕೆ ಶೀಶೆಯಕ್ಕ ಪಾಳಿ ಗುಮಾಸ್ತನಿಗೆ ಫೋನು ಮಾಡಿ, ಅತ್ತೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ, ಇವತ್ತು ಬರಲಾಗುವುದಿಲ್ಲ ಎಂದಿದ್ದಳು. ಅವಳ ಜಾಗದ ಅಂಕಿ ಆರೂವರೆಯೊಳಗೆ ಬರದಿದ್ದರೆ ಗುಮಾಸ್ತ ಬದಲಿ ಪರೀಕ್ಷಕನನ್ನು ಕಳಿಸಬೇಕು. ಆದರೆ ಆರು ಇಪ್ಪತ್ತಕ್ಕೆ ಅವಳ ಹೆಸರಿನಲ್ಲಿಯೇ ಅಂಕಿ ಬಂತು. ನೀರಿನಲ್ಲಿ ಕ್ಲೋರಿನ್ ಎಷ್ಟಿರಬೇಕೋ ಅಷ್ಟು ಇದೆ ಎಂಬ ಅಂಕಿ. ಹೇಗೋ ಮಾಡಿ ಬಂದಿದ್ದಾಳೆ ಪಾಪ ಎಂದುಕೊಂಡ ಗುಮಾಸ್ತ ಯಾರನ್ನೂ ಕಳಿಸಲಿಲ್ಲ. ಆ ದಿನವೇ ಕ್ಲೋರಿನ್ ಹನಿಸುವ ಕೊಳವೆ ಕಟ್ಟಿಕೊಂಡಿತ್ತು. ಮರುದಿನ ಆ ಕಡೆಯ ಬೀದಿಗಳಲ್ಲಿ ಮೂವತ್ತೆಂಟು ಜನ ವಾಂತಿ ಭೇದಿಯಾಗಿ ಆಸ್ಪತ್ರೆ ಸೇರಿದರು. ಎಲ್ಲರೂ ಬದುಕಿ ಮನೆಗೆ ಬಂದರು ಎಂಬುದೊಂದು ಪುಣ್ಯ. ಈಗ ಶೀಶೆಯಕ್ಕನ ಮೇಲಿರುವ ಆಪಾದನೆ ಇದು: ತನ್ನ ಗುಟ್ಟಿನ ಪದವನ್ನು ಬೇರೆಯವರಿಗೆ ಕೊಟ್ಟು, ಮನೆಯಲ್ಲಿ ಕೂತು ಅಂಕಿ ಹಾಕಿಸುತ್ತಿದ್ದಳು. ಒಂದು ದಿನ ಹಾಗೆ ಮಾಡಿದವಳು ಎಷ್ಟು ದಿನ ಮಾಡಿರಬಹುದು? ಕೆಲಸ ಹೋಗುವುದಷ್ಟೇ ಅಲ್ಲ, ಹನ್ನೆರಡು ವರ್ಷ ಬೆಳಗಾಗೆದ್ದು ಅವಳು ಬರೆದ ಅಂಕಿಗಳೆಲ್ಲ ಸುಳ್ಳು ಎಂದಾಗುತ್ತದೆ.

ಎರಡನೇ ದಿನ ಎಂಜಿನಿಯರ್ ಸಾಹೇಬರು ಹೇಳಿದ ಮೇಲೆ ಅವನು ಯಂತ್ರದ ದಾಖಲೆ ತೆಗೆದು ನೋಡಿದ್ದ. ಅವಳ ಹೆಸರಿನ ಸಾಲು ಅಲ್ಲಿತ್ತು. ಒಳಗೆ ಬಂದದ್ದು ಆ ಬೆಳಿಗ್ಗೆ ಅಲ್ಲ, ಹಿಂದಿನ ಸಂಜೆ ಐದು ನಲವತ್ತೆರಡಕ್ಕೆ. ಹೊರಗೆ ಹೋಗಿಯೇ ಇರಲಿಲ್ಲ. ಅವನು ನೋಡುತ್ತಿರುವಾಗಲೂ ಅವಳು ಒಳಗಿದ್ದಳು, ಅತ್ತ ಆಸ್ಪತ್ರೆಯಲ್ಲಿ ಅತ್ತೆಯ ಮಂಚದ ಪಕ್ಕ ಕೂತಿದ್ದವಳು. ಅವನಿಗೆ ಅರ್ಥವಾಗಲು ಎರಡು ನಿಮಿಷವೂ ಹಿಡಿಯಲಿಲ್ಲ. ಅವಳು ಪರದೆ ಆರಿಸಿ ಹೋಗಿದ್ದಾಳೆ. ಬೆಳಿಗ್ಗೆ ಯಾರೋ ಪರದೆ ಹಚ್ಚಿದ್ದಾರೆ, ಅವಳ ಪುಟ ತೆರೆದೇ ಇದೆ, ಅಂಕಿ ಒತ್ತಿದ್ದಾರೆ. ಅವಳ ಆ ಸಾಲನ್ನು ಅವನು ಕೈಯಾರೆ ಕೊಂದ. ಕೊಲ್ಲುವುದು ಎಂದೇ ಅದನ್ನು ಅವರು ಕರೆಯುವುದು. ಆಮೇಲೆ ಕೂತು ನೀರು ಕುಡಿದ.

ಅಂದಿನಿಂದ ದಿನವೂ ಬೆಳಿಗ್ಗೆ ಆ ಕಡತ ತೆರೆಯುತ್ತಾನೆ. ಇವತ್ತೂ ತೆರೆದ. ಕರ್ಸರಿನ ಹಸಿರು ಚೌಕ ಹೋಗಿ ಹ್ಯಾಶಿನ ಮೇಲೆ ನಿಂತು ಮಿಣುಕಿತು. ಒಂದು ಬೆರಳು ಒತ್ತಿದರೆ ಹ್ಯಾಶ್ ಹೋಗುತ್ತದೆ, ಹತ್ತು ನಿಮಿಷದ ಸಾಲಿಗೆ ಜೀವ ಬರುತ್ತದೆ. ಆದರೆ ಕಡತದ ಮೇಲೆ ಇವತ್ತಿನ ದಿನಾಂಕ ಬೀಳುತ್ತದೆ. ಏಳು ತಿಂಗಳ ಹಿಂದಿನ ದಿನಾಂಕ ಹೋದರೆ ಆ ಸಾಲು ಸತ್ತಿತ್ತು ಎಂಬುದಕ್ಕೆ ಸಾಕ್ಷಿಯೂ ಹೋಗುತ್ತದೆ. ಯಾರೂ ಕೇಳಲಾರರು, ಕೇಳಿದರೂ ಸಿಗದು. ಸಾಕ್ಷಿ ಅಳಿಸಬಾರದು ಎಂದು ತಾನು ಮುಟ್ಟದೆ ಬಿಟ್ಟಿದ್ದೇನೆ ಎಂದು ಒಂಬತ್ತು ದಿನ ತನಗೆ ತಾನೇ ಹೇಳಿಕೊಂಡಿದ್ದ. ಕೇಳಲು ಚೆನ್ನಾಗಿತ್ತು. ಆದರೆ ಸಾಕ್ಷಿ ಕಾಪಾಡುವವನು ಅದನ್ನು ಯಾರಿಗಾದರೂ ತೋರಿಸಬೇಕಲ್ಲ. ಇವನು ಅದನ್ನು ನೋಡಿ ನೋಡಿ ಮುಚ್ಚಿಡುತ್ತಿದ್ದ, ಹುಣ್ಣಿನ ಪಟ್ಟಿ ಬಿಚ್ಚಿ ನೋಡಿ ಮತ್ತೆ ಸುತ್ತುವವನ ಹಾಗೆ. ಅಷ್ಟರಲ್ಲಿ ಆರೂ ಪಂಪುಮನೆಗಳಲ್ಲಿ ಅದೇ ತೆರೆದ ಬಾಗಿಲು. ನಾಳೆ ಇನ್ನೊಬ್ಬರ ಹೆಸರಿನಲ್ಲಿ ಇನ್ನೊಂದು ಅಂಕಿ ಬಿದ್ದರೆ? ಬೆರಳು ಕೀಲಿಯ ಮೇಲೆ ಇಳಿಯಿತು. ಹ್ಯಾಶ್ ಮಾಯವಾಯಿತು. ಇನ್ನು ಉಳಿಸಿದರೆ ಮುಗಿಯಿತು.

"ಏನ್ರೀ, ಇಲ್ಲೇ ಇದೀರಾ?" ಎಂಜಿನಿಯರ್ ಸಾಹೇಬರು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಆ ಕೋಣೆಗೆ ಎಲ್ಲರೂ ತಗ್ಗಿಯೇ ಬರಬೇಕು. "ಮೇಲಿನ ಪ್ರಿಂಟರ್ ಕಾಗದ ತಿಂತಾ ಇದೆ. ಸ್ವಲ್ಪ ನೋಡಿ."

"ಪ್ರಿಂಟರ್ ನನ್ನ ಕೆಲಸ ಅಲ್ಲ ಸಾರ್."

"ಗೊತ್ತು ಬಿಡ್ರೀ. ಪ್ರಿಂಟರ್ ನಿಮ್ಮದಲ್ಲ, ಫ್ಯಾನ್ ನಿಮ್ಮದಲ್ಲ, ಆ ಕಂಪ್ಯೂಟರ್ ಒಂದೇ ನಿಮ್ಮದು. ಅದೇನು ತವರುಮನೆಯಿಂದ ತಂದ್ರಾ?" ನಕ್ಕು, ದನಿ ಇಳಿಸಿ, "ಮೂರು ಗಂಟೆಗೆ ಬರೋ ಅಧಿಕಾರಿ ಹೊರಗಿನೋರು. ಒಂದೇ ಪ್ರಶ್ನೆ ಕೇಳ್ತಾರೆ, ದಾಖಲೆಯಲ್ಲಿ ಆಕೆ ಹೆಸರಿದೆಯಾ ಅಂತ. ಇದೆ ಅನ್ನಿ, ಕಾಗದ ಕೊಡಿ, ಬನ್ನಿ. ಪುರಾಣ ಬೇಡ. ನಮ್ಮ ಇಡೀ ವ್ಯವಸ್ಥೆಯೇ ಹರಿದಿದೆ ಅಂತ ಪೇಪರ್‌ನೋರು ಬರೆಯೋದು ಬೇಡ. ತಿಳೀತಲ್ಲ?"

"ಆಕೆ ಹನ್ನೆರಡು ವರ್ಷ ಕೆಲಸ ಮಾಡಿದಾಳೆ ಸಾರ್."

"ಯಾರಿಲ್ಲಾಂದ್ರು? ಒಂದು ವಾರ ಎಲ್ಲರೂ ಬೈಕೋತಾರೆ, ಆಮೇಲೆ ಆಕೆನ ಎಲ್ಲೋ ಒಂದು ಕಡೆ ಹಾಕ್ತಾರೆ. ನೀವು ಯಾಕೆ ಮೈಮೇಲೆ ಎಳ್ಕೋತೀರಿ?"

ಅವರಿಗೆ ಏನಾದರೂ ಗೊತ್ತಿತ್ತೇ? ಇರಲಾರದು. ಆದರೂ ಅವರ ಬೆನ್ನು ಮೆಟ್ಟಿಲು ಹತ್ತಿ ಹೋಗುವವರೆಗೂ ಅವನು ಪರದೆಗೆ ತನ್ನ ಮೈ ಅಡ್ಡ ಮಾಡಿಕೊಂಡೇ ನಿಂತಿದ್ದ. ಪರೀಕ್ಷೆಯಲ್ಲಿ ಪಕ್ಕದವನಿಗೆ ಕಾಣದ ಹಾಗೆ ಹಾಳೆ ಮುಚ್ಚಿಕೊಂಡ ಹುಡುಗನ ಹಾಗೆ. ತಿರುಗಿ ಬಂದು, ಉಳಿಸದೆ ಹೊರಬಂದ. ಹ್ಯಾಶ್ ತನ್ನ ಜಾಗದಲ್ಲಿಯೇ ಉಳಿಯಿತು. ಅದು ಧೈರ್ಯವೋ ಹೇಡಿತನವೋ ಎಂದು ಯೋಚಿಸುವ ಶಕ್ತಿಯೂ ಅವನಲ್ಲಿ ಉಳಿದಿರಲಿಲ್ಲ. ಮೇಲೆ ಹೋಗಿ ಪ್ರಿಂಟರ್ ಸರಿಮಾಡಿ ಬಂದ.

ಹನ್ನೆರಡರ ಹೊತ್ತಿಗೆ ಬಾಗಿಲ ಬಳಿ ಗಾಜು ಸಣ್ಣಗೆ ಕಿಣಿಕಿಣಿ ಎಂದಿತು. ಅವನಿಗೆ ತಲೆ ಎತ್ತದೆಯೇ ಗೊತ್ತಾಯಿತು. ಅವಳು ಒಳಗೆ ಬರಲಿಲ್ಲ. ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತಳು. ಕಣ್ಣಿನ ಕೆಳಗೆ ಕಪ್ಪು ಇಳಿದಿತ್ತು. ಅವಳನ್ನು ಕೆಲಸದಿಂದ ಇನ್ನೂ ತೆಗೆದಿರಲಿಲ್ಲ. ಅವಳು ಶೀಶೆ ತುಂಬಿದ ಕಡೆಯಲ್ಲೆಲ್ಲ ಹಿಂದೆಯೇ ಇನ್ನೊಬ್ಬ ಬಂದು ಮತ್ತೊಂದು ಶೀಶೆ ತುಂಬಿ ತಾಳೆ ನೋಡುತ್ತಿದ್ದ.

"ಅಣ್ಣ, ಒಂದು ಮಾತು ಕೇಳ್ಲಾ?"

"ಕೇಳಕ್ಕ."

"ನನ್ನ ಪಾಸ್‌ವರ್ಡ್ ಬೇರೆಯೋರಿಗೆ ಗೊತ್ತಾಗಕ್ಕೆ ಏನಾದ್ರೂ ದಾರಿ ಇದೆಯಾ? ನಾನು ಯಾರಿಗೂ ಹೇಳಿಲ್ಲ. ನಮ್ಮ ಮನೆಯೋರಿಗೂ ಹೇಳಿಲ್ಲ."

ಅವಳ ಪದ ಅವನಿಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ ನಾಲ್ಕನೇ ಪಂಪುಮನೆಯ ತಂತಿಯಲ್ಲಿ ತೊಡಕಿದೆಯೆಂದು ಅವನು ತಂತಿಯ ಮೇಲೆ ಹರಿಯುವುದನ್ನೆಲ್ಲ ಪರದೆಗೆ ಇಳಿಸಿಕೊಂಡು ನೋಡುತ್ತಿದ್ದ. ಟೆಲ್ನೆಟ್ಟಿನಲ್ಲಿ ಎಲ್ಲವೂ ಬೆತ್ತಲಾಗಿಯೇ ಹರಿಯುತ್ತದೆ, ಮುಚ್ಚು ಮರೆ ಎಂಬುದಿಲ್ಲ. ಒಂದೊಂದೇ ಅಕ್ಷರ, ಅವಳ ಬೆರಳು ನಿಧಾನವಾಗಿ ಒತ್ತಿದ ಹಾಗೆ ಬಂದು ನಿಂತಿತು: ನಾಳೆರಜಾ. ನೋಡಬಾರದ್ದು ನೋಡಿದಂತಾಗಿ ಅವನು ಕಣ್ಣು ತಿರುಗಿಸಿದ್ದ. ಆಮೇಲೆ ಎಷ್ಟೋ ದಿನ ಅವಳು ಎದುರು ಬಂದರೆ ಆ ಪದ ಅವಳ ಹಣೆಯ ಮೇಲೆ ಬರೆದಂತೆ ಕಾಣುತ್ತಿತ್ತು. ವರ್ಷಕ್ಕೆ ನಾಲ್ಕು ರಜೆಯನ್ನೂ ಹಾಕದ ಹೆಂಗಸು ದಿನಾ ಬೆಳಿಗ್ಗೆ ಆ ಎರಡು ಮಾತನ್ನು ಒತ್ತಿ ಕೆಲಸಕ್ಕೆ ಕೂರುತ್ತಿದ್ದಳು.

"ಇಲ್ಲಕ್ಕ, ಯಾರಿಗೂ ಗೊತ್ತಾಗಲ್ಲ" ಎಂದ.

ಅವಳು ತಲೆಯಾಡಿಸಿದಳು. "ಹಾಗಾದ್ರೆ ನಾನೇ ನಿದ್ದೆಯಲ್ಲಿ ಎದ್ದು ಬಂದು ಹಾಕಿದ್ನಾ ಅನ್ನಿಸಕ್ಕೆ ಶುರುವಾಗಿದೆ ಅಣ್ಣ. ನಿಜವಾಗ್ಲೂ. ನಮ್ಮ ಮನೆಯೋರು ಬಾಯಿ ಬಿಟ್ಟು ಏನೂ ಅನ್ನಲ್ಲ. ತಟ್ಟೆ ಇಡ್ತೀನಿ, ಉಣ್ತಾರೆ, ಮುಖ ನೋಡಲ್ಲ. ಆ ಮೂವತ್ತೆಂಟು ಜನದಲ್ಲಿ ಅವರ ಸ್ನೇಹಿತನ ಮಗೂನೂ ಇತ್ತು." ಚೀಲ ಸರಿಮಾಡಿಕೊಂಡಳು. "ನೀವು ಇರ್ತೀರಲ್ಲ ಮೂರು ಗಂಟೆಗೆ? ನಿಮ್ಮ ಯಂತ್ರ ಸುಳ್ಳು ಹೇಳಲ್ಲ ಅಂತ ಎಲ್ಲರೂ ಅಂತಾರೆ. ಅದೊಂದೇ ಧೈರ್ಯ."

ಆ ಕ್ಷಣದಲ್ಲಿ ಹೇಳಬಹುದಿತ್ತು. ಬಾಗಿಲಲ್ಲಿ ಇಬ್ಬರೇ, ಬೇರೆ ಯಾರೂ ಇರಲಿಲ್ಲ. ಅವನು ಹೇಳಿದ್ದು, "ಊಟ ಆಯ್ತಾ ಅಕ್ಕ?" ಎಂದು. ಹೇಳಿದ ಮೇಲೆ ಅವನಿಗೆ ತನ್ನ ಕಪಾಳಕ್ಕೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಡಬ್ಬಿ ತೆರೆದು ಎರಡು ತುತ್ತು ತಿಂದು ಮುಚ್ಚಿಟ್ಟ. ಅನ್ನ ಒಂದು ಕಡೆ ಬಿಸಿಯಾಗಿ ಇನ್ನೊಂದು ಕಡೆ ತಣ್ಣಗಿತ್ತು.

ಮೂರು ಗಂಟೆಗೆ ಮೇಲಿನ ಉದ್ದ ಮೇಜಿನ ಕೋಣೆಯಲ್ಲಿ ಆರು ಜನ ಸೇರಿದರು. ವಿಚಾರಣೆಗೆ ಬಂದ ಅಧಿಕಾರಿಗೆ ಶೀತವಾಗಿತ್ತು. ಅವರು ಮಾತು ಮಾತಿಗೂ ಕರವಸ್ತ್ರ ತೆಗೆಯುತ್ತ, ಆದಷ್ಟು ಬೇಗ ಮುಗಿಸಿ ಮಲಗುವ ಯೋಚನೆಯಲ್ಲಿದ್ದಂತಿತ್ತು. ಅವರ ಪಕ್ಕ ಎಂಜಿನಿಯರ್ ಸಾಹೇಬರು. ಆಚೆ ತುದಿಯಲ್ಲಿ ಬರೆದುಕೊಳ್ಳುವ ಗುಮಾಸ್ತ. ಎದುರಿಗೆ ಶೀಶೆಯಕ್ಕ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು. ಅವಳಿಂದ ಒಂದು ಕುರ್ಚಿ ಬಿಟ್ಟು ನಾಲ್ಕನೇ ಪಂಪುಮನೆಯ ಮೋಟಾರಿನವನು. ಅವನು ಕೈ ತೊಳೆದು ತೊಳೆದು ಬಂದಿದ್ದರೂ ಉಗುರಿನ ಸಂದಿಯಲ್ಲಿ ಗ್ರೀಸು ಉಳಿದಿತ್ತು.

"ನಿಮಗೆ ಈಕೆ ಪಾಸ್‌ವರ್ಡ್ ಹೇಳಿದಾಳೇನಪ್ಪ?" ಎಂದು ಅಧಿಕಾರಿ ಮೋಟಾರಿನವನನ್ನು ಕೇಳಿದರು.

"ಇಲ್ಲ ಸಾಹೇಬ್ರೆ. ಅಕ್ಕ ನಂಗೆ ಯಾವ ಪದನೂ ಕೊಟ್ಟಿಲ್ಲ. ನಾನು ಮೋಟಾರಿನವನು" ಎಂದ ಅವನು, ಮೇಜನ್ನೇ ನೋಡುತ್ತ. ಸುಳ್ಳಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ.

"ನೀವು?" ಕರವಸ್ತ್ರ ಯಂತ್ರ ಕಾಯುವವನ ಕಡೆ ತಿರುಗಿತು. "ದಾಖಲೆಯಲ್ಲಿ ಈಕೆಯ ಹೆಸರಿದೆಯಾ, ಆರು ಇಪ್ಪತ್ತಕ್ಕೆ?"

"ಇದೆ."

"ಬೇರೆ ಯಾರದಾದ್ರೂ?"

"ಇಲ್ಲ."

"ಸರಿ, ಆ ಕಾಗದ ಕೊಡಿ. ಬೇರೆ ಏನಾದ್ರೂ ಹೇಳೋದಿದೆಯಾ?"

ಇಲ್ಲ ಎನ್ನಬೇಕಿತ್ತು. ಎಂಜಿನಿಯರ್ ಸಾಹೇಬರು ಆಗಲೇ ಪೆನ್ನಿನ ಮುಚ್ಚಳ ಹಾಕುತ್ತಿದ್ದರು. ಆದರೆ ಅವನ ಬಾಯಿ ತಾನಾಗಿ ತೆರೆದುಕೊಂಡಿತು. "ಸಾರ್, ಆ ಸೆಷನ್ ಹಿಂದಿನ ದಿನದ್ದು. ಐಡಲ್ ಟೈಮ್‌ಔಟ್ ಡಿಸೇಬಲ್ ಸ್ಥಿತಿಯಲ್ಲಿತ್ತು, ಪ್ರೊಫೈಲ್ ಲೆವೆಲ್‌ನಲ್ಲಿ. ಹಾಗಾಗಿ ಟೆಲ್ನೆಟ್ಟಿನ ಚೈಲ್ಡ್ ಪ್ರೋಸೆಸ್ ಟರ್ಮಿನೇಟ್ ಆಗಿಲ್ಲ. ಟರ್ಮಿನಲ್ ಪವರ್ ಆಫ್ ಆದ್ರೂ ಸೆಷನ್ ಪರ್ಸಿಸ್ಟ್ ಆಗಿದೆ." ಹೇಳುತ್ತಿರುವಾಗಲೇ ಅವನಿಗೆ ತಾನು ಏನು ಮಾಡುತ್ತಿದ್ದೇನೆ ಎಂಬುದು ಚೆನ್ನಾಗಿ ಕಾಣುತ್ತಿತ್ತು. ಹೇಳಿದ ಹಾಗೂ ಆಗಬೇಕು, ಯಾರಿಗೂ ತಿಳಿಯದ ಹಾಗೂ ಇರಬೇಕು. ನಾಳೆ ಯಾರಾದರೂ ಕೇಳಿದರೆ ಹೇಳಿದ್ದೆನಲ್ಲ ಎನ್ನಬೇಕು. ಒಂಬತ್ತು ದಿನದಿಂದ ಎದೆಯಲ್ಲಿದ್ದದ್ದು ಯಾರ ಮೇಲೂ ಬೀಳದೆ, ಎಲ್ಲಿಯೂ ಒದ್ದೆಯಾಗದೆ ಹರಿದುಹೋಯಿತು. ಅಧಿಕಾರಿ ತಲೆಯಾಡಿಸಿದರು. "ತಾಂತ್ರಿಕ ವಿವರ. ಅದನ್ನ ಬರಹದಲ್ಲಿ ಕೊಡಿ, ಕಡತಕ್ಕೆ ಸೇರಿಸೋಣ." ಗುಮಾಸ್ತ ಏನೂ ಬರೆದುಕೊಂಡಿರಲಿಲ್ಲ. ಎಂಜಿನಿಯರ್ ಸಾಹೇಬರ ಮುಖದಲ್ಲಿ ಮೆಚ್ಚುಗೆಯಂಥದೇನೋ ಸುಳಿಯಿತು. ಅವನು ಅವರ ಕಡೆಯಿಂದ ಮುಖ ತಿರುಗಿಸಿದ.

"ಸಾರ್" ಎಂದಳು ಶೀಶೆಯಕ್ಕ. "ಅವರು ಹೇಳಿದ್ದು ನಂಗೆ ಅರ್ಥ ಆಗ್ಲಿಲ್ಲ."

"ಅದು ಯಂತ್ರದ ವಿಷಯಮ್ಮ."

"ಇರಬಹುದು ಸಾರ್. ಆದ್ರೆ ವಿಚಾರಣೆ ನನ್ನ ಮೇಲೆ. ನಂಗೆ ಅರ್ಥ ಆಗ್ಬೇಕಲ್ವಾ?" ಆಮೇಲೆ ಅವನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ಬೇಡುವ ದನಿಯೂ ಅಲ್ಲ. ಹನ್ನೆರಡು ವರ್ಷದ ಹಿಂದೆ ಕೈ ಎತ್ತಿ ಕೇಳಿದ ದನಿಯೇ. "ಅಣ್ಣ, ನಮಗೆ ತಿಳಿಯೋ ಮಾತಲ್ಲಿ ಹೇಳಿ."

ಅವನು ನೀರಿನ ಲೋಟ ಎತ್ತಿ ಹಾಗೆಯೇ ಕೆಳಗಿಟ್ಟ. ಮೈಯೆಲ್ಲ ದಣಿದಂತಾಗಿತ್ತು. ಬಚ್ಚಿಡುವುದಕ್ಕೂ ಶಕ್ತಿ ಬೇಕು, ಅದೂ ಮುಗಿದಿತ್ತು.

"ನೀವು ಪರದೆ ಆರಿಸಿ ಹೋದ್ರಿ, ಆದ್ರೆ ಯಂತ್ರದ ಪಾಲಿಗೆ ನೀವು ಒಳಗೇ ಇದ್ರಿ" ಎಂದ. "ಇಡೀ ರಾತ್ರಿ. ಮೊದಲೆಲ್ಲ ಹತ್ತು ನಿಮಿಷಕ್ಕೆ ಹೊರಗೆ ಹಾಕ್ತಿತ್ತು. ಹಾಗಂತ ನಿಮಗೆ ನಾನೇ ಹೇಳಿಕೊಟ್ಟಿದ್ದೆ. ಏಳು ತಿಂಗಳ ಹಿಂದೆ ಅದನ್ನ ನಾನೇ ನಿಲ್ಲಿಸಿದೆ. ಫೋನು ಬರ್ತಿತ್ತು, ಬೇಜಾರಾಗಿತ್ತು, ನಿಲ್ಲಿಸಿದೆ. ಯಾರಿಗೂ ಹೇಳ್ಲಿಲ್ಲ. ಬೆಳಿಗ್ಗೆ ಯಾರು ಪರದೆ ಹಚ್ಚಿದ್ರೂ ನಿಮ್ಮ ಪುಟ ತೆರೆದೇ ಇರ್ತಿತ್ತು, ಪಾಸ್‌ವರ್ಡ್ ಬೇಕಾಗೇ ಇರ್ಲಿಲ್ಲ. ನೀವು ಯಾರಿಗೂ ಏನೂ ಕೊಟ್ಟಿಲ್ಲ. ಆ ಕಡತ ಹಾಗೇ ಇದೆ ಸಾರ್, ಅದರ ಮೇಲೆ ಏಳು ತಿಂಗಳ ಹಿಂದಿನ ದಿನಾಂಕ ಇದೆ. ಈಗಲೇ ಬಂದು ನೋಡಬಹುದು."

ಮೋಟಾರಿನವನ ಕುರ್ಚಿ ಕಿರ್ರೆಂದಿತು. "ನಾನೇ ಸಾಹೇಬ್ರೆ" ಎಂದ. "ದಿನಾ ಬೆಳಿಗ್ಗೆ ಯಾರ ಪುಟ ಅಂತ ನೋಡ್ದೆ ತೆರೆದಿರೋದನ್ನ ಮುಚ್ಚಿ ನನ್ನ ಹೆಸರು ಹಾಕ್ತಿದ್ದೆ. ಅವತ್ತು ಪರದೆ ಹಚ್ಚಿದೆ, ಅಂಕಿ ಹಾಕೋ ಜಾಗ ಖಾಲಿ ಇತ್ತು. ಅಕ್ಕ ಬರೋದು ತಡ ಆಗಿದೆ, ಮೇಲಿನೋರು ಬೈತಾರೆ ಅಂತ ದಿನಾ ಬರೋ ಅಂಕೀನೇ ಒತ್ತಿದೆ. ಅಕ್ಕನಿಗೆ ಒಳ್ಳೇದಾಗ್ಲಿ ಅಂತಾನೇ ಒತ್ತಿದ್ದು. ಯಾರ ಹೆಸರಲ್ಲಿ ಹೋಯ್ತು ಅಂತ ನಂಗೆ ಗೊತ್ತಾಗ್ಲಿಲ್ಲ. ಆಮೇಲೆ ಗೊತ್ತಾಯ್ತು, ಹೆದರಿ ಆ ಪುಟ ಮುಟ್ಟಲೇ ಇಲ್ಲ."

ಗುಮಾಸ್ತ ಈಗ ಬರೆಯುತ್ತಿದ್ದ. ಎಂಜಿನಿಯರ್ ಸಾಹೇಬರು ಕಿಟಕಿಯ ಕಡೆ ನೋಡುತ್ತಿದ್ದರು. ಎದೆಯ ಮೇಲಿನ ಕಲ್ಲು ಇಳಿಯುತ್ತದೆ ಎಂದು ಅವನು ಒಂಬತ್ತು ದಿನ ಅಂದುಕೊಂಡಿದ್ದ. ಇಳಿದದ್ದು ಏನೂ ಕಾಣಲಿಲ್ಲ, ನಿದ್ದೆ ಬರುವಂತೆ ಮಾತ್ರ ಆಯಿತು. ಅವಳು ನಗಬಹುದು ಅಥವಾ ಅಳಬಹುದು, ದೊಡ್ಡ ಉಪಕಾರವಾಯಿತು ಅಣ್ಣ ಎನ್ನಬಹುದು ಎಂದು ಮನಸ್ಸಿನ ಯಾವುದೋ ಮೂಲೆಯಲ್ಲಿ ಕಾಯುತ್ತಿದ್ದ. ಕಾಯುತ್ತಿದ್ದೇನೆ ಎಂದು ಗೊತ್ತಾಗಿ ಅದಕ್ಕೂ ನಾಚಿಕೆಯಾಯಿತು.

"ಇದು ನಿಮಗೆ ಯಾವತ್ತಿಂದ ಗೊತ್ತು?" ಎಂದಳು ಅವಳು.

"ಎರಡನೇ ದಿನದಿಂದ."

ಅವಳ ತುಟಿ ಸಣ್ಣಗೆ ಅಲುಗಿತು. ಎಣಿಸುತ್ತಿದ್ದಳು. "ಹಾಗಾದ್ರೆ ಒಂಬತ್ತು ದಿನ" ಎಂದಳು. ಅಣ್ಣ ಎನ್ನಲಿಲ್ಲ. ಅಧಿಕಾರಿಯ ಕಡೆ ತಿರುಗಿ, "ನಾನು ಹೋಗಬಹುದಾ ಸಾರ್? ಮಧ್ಯಾಹ್ನದ ಶೀಶೆ ತುಂಬೋದು ಬಾಕಿ ಇದೆ" ಎಂದು ಕೇಳಿ, ಅವರು ತಲೆಯಾಡಿಸುವ ಮೊದಲೇ ಎದ್ದಳು.

ಅವನನ್ನು ಇನ್ನೂ ಅರ್ಧ ಗಂಟೆ ಕೂರಿಸಿಕೊಂಡು ಬರೆಸಿಕೊಂಡರು. ನಾಳೆಯಿಂದ ಆ ಕೋಣೆಯ ಬೀಗದ ಕೈ ಬೇರೆಯವರ ಬಳಿ ಇರಬೇಕು ಎಂದರು. ಅವನು ಸಹಿ ಹಾಕಿದ. ಹೊರಗೆ ಬಂದಾಗ ಮೊಗಸಾಲೆಯ ಕೊನೆಯಲ್ಲಿ, ಕುಡಿಯುವ ನೀರಿನ ನಲ್ಲಿಯ ಮುಂದೆ ಅವಳು ಬಗ್ಗಿ ನಿಂತಿದ್ದಳು. ನಲ್ಲಿ ತೆರೆದಿತ್ತು. ಶೀಶೆ ತುಂಬುವ ಮೊದಲು ನೀರನ್ನು ಸ್ವಲ್ಪ ಹೊತ್ತು ಹರಿಯಬಿಡಬೇಕು, ಕೊಳವೆಯಲ್ಲಿ ನಿಂತ ನೀರು ಹೋಗಬೇಕು. ಅವಳು ಅದು ಹೋಗುವುದನ್ನೇ ನೋಡುತ್ತಿದ್ದಳು. ಇವತ್ತು ಅವಳ ಹಿಂದೆ ತಾಳೆ ನೋಡುವವನು ಇರಲಿಲ್ಲ. ಅವನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತ.

ಅವಳು ಶೀಶೆ ಹಿಡಿದಳು, ಕತ್ತಿನವರೆಗೆ ತುಂಬಿಸಿದಳು, ಮುಚ್ಚಳ ತಿರುಗಿಸಿ ಒರೆಸಿದಳು. ಚೀಟಿಯ ಮೇಲೆ ಜಾಗದ ಹೆಸರು ಬರೆದು, ಪೆನ್ನು ನಿಲ್ಲಿಸಿ, ತಲೆ ಎತ್ತದೆ ಕೇಳಿದಳು:

"ಗಂಟೆ ಎಷ್ಟು?"

ಅವನು ಕೈಗಡಿಯಾರ ನೋಡಿ, "ನಾಲ್ಕು ಹತ್ತು" ಎಂದ.

ಅವಳು ಬರೆಯಲಿಲ್ಲ. ಶೀಶೆಯನ್ನು ಕಟ್ಟೆಯ ಮೇಲಿಟ್ಟು, ಮೊಗಸಾಲೆಯ ಆ ತುದಿಯವರೆಗೆ ನಡೆದು ಹೋಗಿ, ಗೋಡೆಯ ಗಡಿಯಾರವನ್ನು ತಾನೇ ನೋಡಿ ಬಂದಳು. ಆಮೇಲೆ ಬರೆದಳು, ನಾಲ್ಕು ಹತ್ತು ಎಂದೇ.